ಗೋಡೆ ಕಡೆಗಿನ ನಕ್ಷತ್ರ

ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬಾತ, ಕೆನ್ನೆ ಊದಿದ್ದ ತನ್ನ ಅಕ್ಕನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

“ಕ್ರಿಸ್‌ಮಸ್ ಮರಕ್ಕೆ ಪುಟ್ಟಿ ತಾನೇ ನಕ್ಷತ್ರಗಳನ್ನ ಮಾಡಿದ್ಲಂತೆ?”

“ಹೂಂ ಅಕ್ಕ, ಅಪ್ಪ ಮಗಳು ಇಬ್ರೂ ಕೂತು ಮಾಡಿದ್ವಿ. ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ. ಅಂಟು ಕಾಗದಕ್ಕಿಂತ ಅವಳ ಕೂದಲಿಗೇ ಹೆಚ್ಚಾಯ್ತು.”

“ಮತ್ತೆ ನಿನ್ನ ಮುಖ ಯಾಕೆ ಹುಳ್ಳಗಿದೆ?”

“ಭಾನುವಾರ ನಮ್ಮ ಸಾಹೇಬ್ರು ಮನೆಗೆ ಬಂದಿದ್ರು. ಅವ್ರು ಬರೋಕೆ ಮುಂಚೆ ಅವನ್ನೆಲ್ಲ ಮರದ ಹಿಂದೆ, ಗೋಡೆ ಕಡೆಗೆ ಕಟ್ಟಿ, ಅಂಗಡಿಯಿಂದ ತಂದವನ್ನ ಮುಂದೆ ಹಾಕಿದ್ದೆ.”

“ಅಯ್ಯೋ. ಪುಟ್ಟಿಗೆ ಗೊತ್ತಾಯ್ತಾ?”

“ಸಾಹೇಬ್ರ ಕೈ ಹಿಡ್ಕೊಂಡು ಹೋಗಿ, ‘ನಂದು ಹಿಂದೆ ಇದೆ’ ಅಂತ ತೋರಿಸಿದ್ಲು. ಅವ್ರು ಬಗ್ಗಿ ಬಗ್ಗಿ ಒಂದೊಂದನ್ನೂ ನೋಡಿದ್ರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

“ಹಾಗೇ ಆಗ್ಬೇಕು ನಿನಗೆ. ಹೋಗಿ ಎಲ್ಲಾನೂ ಮುಂದೆ ಕಟ್ಟು.”

“ಅವತ್ತೇ ಕಟ್ಟಿದೆ ಅಕ್ಕ. ಇವತ್ತು ಬೆಳಿಗ್ಗೆ ಇನ್ನೊಂದು ಮಾಡಿದ್ಲು, ಚೆನ್ನಾಗೇ ಬಂದಿತ್ತು. ತಾನೇ ತಗೊಂಡು ಹೋಗಿ ಗೋಡೆ ಕಡೆಗೆ ಕಟ್ಟಿದ್ಲು. ಯಾಕಮ್ಮ ಅಲ್ಲಿ ಅಂದ್ರೆ, ‘ಯಾರಾದ್ರೂ ಬಂದ್ರೆ ನಿಂಗೆ ನಾಚ್ಕೆ ಆಗುತ್ತಲ್ಲಪ್ಪಾ’ ಅಂದ್ಲು.”

ಅಕ್ಕ ಕೆನ್ನೆಯ ಮೇಲಿದ್ದ ಕೈ ತೆಗೆದು ತಮ್ಮನ ತೋಳು ಹಿಡಿದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದು ಹೋದರು.