ಮೂರನೇ ನಂಬರ್ ಕೋಣೆಯ ಬೀಗದ ಕೈ

ಆ ಕಡೆ ಅಲ್ಲ ಕಣೇ, ಈ ಕಡೆ ಬಾ. ಅಲ್ಲೇನಿದೆ, ಬರೀ ಹಳೇ ಪುಸ್ತಕಗಳು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಬಾ, ಸಮುದ್ರ ನೋಡೋಣ, ಗಾಳಿ ಚೆನ್ನಾಗಿದೆ... ಯಾಕೆ ನಗ್ತೀಯ? ನಾನು ಟಿಕೆಟ್ ತಗೊಂಡಿದ್ದಕ್ಕಾ? ನಗು, ನಗು. ಹನ್ನೊಂದು ವರ್ಷ ಇದೇ ಜೈಲಲ್ಲಿ ಸೊಂಟಕ್ಕೆ ಬೀಗದ ಕೈ ಸಿಕ್ಕಿಸ್ಕೊಂಡು ಪಹರೆ ಮಾಡಿದವನಿಗೆ ಈಗ ಹಿರಿಯ ನಾಗರಿಕರು ಅಂತ ಅರ್ಧ ಟಿಕೆಟ್. ಆಗ ಈ ದ್ವೀಪಕ್ಕೆ ಯಾರು ತಾವಾಗಿ ಬರ್ತಿದ್ರು? ಈಗ ನೋಡು, ಕೋಳಕ್ಕೆ ಕೈ ಕೊಟ್ಟು ಫೋಟೋ ತೆಗೆಸ್ಕೊಳ್ತಾರೆ.

ಹೂಂ, ಇದೇ. ಮೂರನೇ ನಂಬರು. ನಿಮ್ಮಣ್ಣ ಇದ್ದಿದ್ದು ಇಲ್ಲೇ. ಮುಟ್ಟು, ಯಾರೂ ಏನೂ ಅನ್ನಲ್ಲ... ಅಳಬೇಡ್ವೇ. ಅದಕ್ಕೇ ಇಷ್ಟು ವರ್ಷ ನಿನ್ನನ್ನ ಕರ್ಕೊಂಡು ಬರಲಿಲ್ಲ. ಹೇಳಿದೀನಲ್ಲ, ಜ್ವರ ನೆತ್ತಿಗೇರಿತ್ತು, ತಲೆ ನನ್ನ ತೊಡೆ ಮೇಲಿತ್ತು, ನೀರು ಕೇಳಿದ, ಕುಡಿಸಿದೆ. ನೆಮ್ಮದಿಯಾಗಿ ಹೋದ. ಎಷ್ಟು ಸಲ ಹೇಳಿಸ್ತೀಯ?

ಆ ಗೈಡ್ ಹುಡುಗಿ ಮಾತು ಕಿವಿಗೆ ಹಾಕ್ಕೋಬೇಡ. ಇದು ಶಿಕ್ಷೆ ಕೋಣೆಯಂತೆ, ಒಳಗೆ ಹಾಕಿದ್ರೆ ಮೂರು ದಿನ ಬಾಗಿಲೇ ತೆಗೀತಿರಲಿಲ್ಲವಂತೆ. ಬಾಯಿಪಾಠ ಒಪ್ಪಿಸ್ತಾಳೆ. ಆಗ ಅವಳು ಹುಟ್ಟೇ ಇರಲಿಲ್ಲ... ಎಲ್ಲಿಗೆ ಹೊರಟೆ? ನಿಲ್ಲೇ. ಮಂಡಿನೋವು ಅಂತಿದ್ದವಳು ಈಗ ಓಡ್ತೀಯಲ್ಲ. ಅದು ಪಹರೆ ಪುಸ್ತಕ, ನಿನಗೇನು ಅರ್ಥ ಆಗುತ್ತೆ? ಕನ್ನಡಕ ಇಲ್ಲದೆ... ಓ, ಹಾಕ್ಕೊಂಡ್ಯಾ.

ಓದಬೇಡ.

ಗಟ್ಟಿಯಾಗಿ ಓದಬೇಡ ಕಣೇ, ಎಲ್ಲಾ ತಿರುಗಿ ನೋಡ್ತಿದ್ದಾರೆ. ನಾನೇ ಹೇಳ್ತೀನಿ. "ಮೂರನೇ ಕೋಣೆ. ಬಾಗಿಲು ತೆರೆದಿಲ್ಲ. ಬೆಳಿಗ್ಗೆಯಿಂದ ತಟ್ಟುತ್ತಿದ್ದಾನೆ. ಸಂಜೆ ಶಾಂತ." ಗೊತ್ತು, ಏನಿದೆ ಅಂತ ಗೊತ್ತು ನನಗೆ... ಅದು ನನ್ನ ಅಕ್ಷರ ಅಲ್ಲ. ಎಲ್ಲರ ಅಕ್ಷರಾನೂ ಹಾಗೇ ಇರುತ್ತೆ... ಹಾಗೆ ನೋಡಬೇಡ ನನ್ನ. ಹೂಂ, ನಂದೇ. ಮದುವೆಯಾದಾಗಿಂದ ನಲವತ್ತು ವರ್ಷ ಸಾಮಾನಿನ ಚೀಟಿಯಲ್ಲಿ ನೋಡಿದೀಯ, ನಿನ್ನ ಹತ್ರ ಏನು ಮುಚ್ಚಿಡಲಿ?

ಬೀಗದ ಕೈ ನನ್ನ ಹತ್ರಾನೇ ಇತ್ತು. ಆದರೆ ಸಾಹೇಬರ ರುಜು ಇಲ್ಲದೆ ಶಿಕ್ಷೆ ಕೋಣೆ ತೆಗೆಯೋ ಹಾಗಿರಲಿಲ್ಲ. ಸಾಹೇಬರು ಆಚೆ ದಡಕ್ಕೆ ಹೋಗಿದ್ರು, ಗಾಳಿ ಎದ್ದು ದೋಣಿ ಬರಲಿಲ್ಲ. ಕೈದಿಗೆ ಹುಷಾರಿಲ್ಲ, ನೀರು ಕೊಡೋಕೆ ಅಪ್ಪಣೆ ಆಗಬೇಕು ಅಂತ ಅರ್ಜಿ ಬರೆದು ಅವರ ಮೇಜಿನ ಮೇಲಿಟ್ಟು ಕಾಯ್ತಾ ಕೂತೆ. ಅವನು ತಟ್ಟಿದ. ನಾನು ಕೂತೇ ಇದ್ದೆ. ಏನು ಮಾಡ್ಲಿ ಹೇಳು, ಇಪ್ಪತ್ತನಾಲ್ಕು ವರ್ಷ ನನಗೆ. ತೆಗೆದಿದ್ರೆ ಕೆಲಸ ಹೋಗ್ತಿತ್ತು... ಅಷ್ಟೇ ಹೋಗ್ತಿದ್ದಿದ್ದು. ಆಗ ಅದು ದೊಡ್ಡದಾಗಿ ಕಾಣಿಸ್ತು ಕಣೇ.

ಅವನ ಬಟ್ಟೆ ಗಂಟು ತಗೊಂಡು ನಿಮ್ಮನೆಗೆ ಬಂದೆನಲ್ಲ, ಅವತ್ತು ನಿಜ ಹೇಳೋಣ ಅಂತಲೇ ಬಂದಿದ್ದೆ, ದೇವರಾಣೆಗೂ. ನೀನು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದೆ, ಕೊನೆಗೆ ಅವನಿಗೆ ನೀರಾದ್ರೂ ಸಿಕ್ತಾ ಅಂತ. ನಿನ್ನ ಮುಖ ನೋಡಿ ಹೂಂ ಅಂದುಬಿಟ್ಟೆ. ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು ಅತ್ತರು. ಆಮೇಲೆ ಒಂದೊಂದು ಸಲ ನೀನು ಕೇಳಿದಾಗಲೂ ಒಂದೊಂದು ಸೇರ್ಕೊಳ್ತು, ಜ್ವರ, ತಲೆ, ತೊಡೆ... ಇಷ್ಟು ವರ್ಷ ನೀನು ನನಗೆ ಬಡಿಸಿದ್ದೆಲ್ಲ ಆ ಒಂದು ಹೂಂಗೆ.

ಬೈಯೇ. ಜನ ನೋಡಿದ್ರೆ ನೋಡ್ಲಿ, ಬೈದುಬಿಡು... ಕಡೇ ದೋಣಿಗೆ ಕೂಗ್ತಿದ್ದಾರೆ, ಕೇಳಿಸ್ತಾ? ಹೋಗೋಣ್ವಾ? ಹೂಂ ಅನ್ನು, ಊಹೂಂ ಅನ್ನು, ಏನಾದ್ರೂ ಅನ್ನು.

ಆಯ್ತು. ನಾನು ಇಲ್ಲೇ ಕೂತಿರ್ತೀನಿ. ನೀನು ಹೇಳೋವರೆಗೂ ಏಳಲ್ಲ.