ಹಳ್ಳದ ಪಾಲಿನ ಮಂಕರಿ

ಅಂದು ಬೆಳಗಾದರೂ ಎಮರಾಲ್ಡ್ ಡ್ಯಾಮಿನ ಮೇಲಿಂದ ಮಂಜು ಏಳಲಿಲ್ಲ. ಹನಿ ಕಡಿಯದ ಸೋನೆಯಲ್ಲಿ ಡ್ಯಾಮು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಕ್ಯಾರೆಟ್ ತೊಳೆಯುವ ಶೆಡ್ಡಿನಲ್ಲಿ ಕರೆಂಟಿಲ್ಲದೆ ಡ್ರಮ್ಮು ನಿಂತಿತ್ತು. ನಾವು ಕೆಲಸದವರೆಲ್ಲ ಖಾಲಿ ಚೀಲಗಳ ಮೇಲೆ ಮಾಯಮ್ಮಜ್ಜಿಯ ಸುತ್ತ ಕುಳಿತಿದ್ದೆವು. ಮೈಸೂರು ಕಡೆಯಿಂದ ಮದುವೆಯಾಗಿ ಈ ಬೆಟ್ಟಕ್ಕೆ ಬಂದವಳು. ಮಾದಪ್ಪನಿಗೆ ಕೈಮುಗಿಯದೆ ಕಾಫಿಯನ್ನೂ ಮುಟ್ಟುವವಳಲ್ಲ.

ಆಗ ಅವಳ ಮೊಮ್ಮಗ ಜಗದೀಶ ಮೊಣಕಾಲವರೆಗೆ ಕೆಸರಾಗಿ ಬಂದ. ಹಳ್ಳ ಡ್ಯಾಮಿಗೆ ಸೇರುವ ಬಾಯಿಯಿಂದ ಹೊಲಕ್ಕೆಂದು ಗೋಡುಮಣ್ಣು ತುಂಬಿಕೊಂಡು, ಪಿಕಪ್ಪನ್ನು ಹೊರಗೆ ನಿಲ್ಲಿಸಿದ್ದ.

“ಗುದ್ದಲಿ ಜಾರಿ ನೀರಿಗೆ ಬಿತ್ತಜ್ಜಿ. ಸೋನೆ ನಿಂತ್ಮೇಲೆ ಹೋಗಿ ಹುಡುಕ್ತೀನಿ, ಇನ್ನೊಂದ್ ಲೋಡೂ ತರ್ತೀನಿ.”

“ಮೊದಲ್ನೇ ಮಂಕರಿ ಮಣ್ಣು ನೀರಿಗೆ ವಾಪಸ್ ಕೊಟ್ಟೇನ್ಲಾ?”

“ಡ್ಯಾಮಿಗೇನು ಮಣ್ಣಿಗೆ ಬರವಾ?” ಎಂದು ನಕ್ಕ. “ಕರೆಂಟಿನೋರೇ ಹೂಳು ತುಂಬ್ತು ಅಂತ ಅಳ್ತಾವ್ರೆ.”

ಅಜ್ಜಿ ನಗಲಿಲ್ಲ. ಪಕ್ಕದ ಚೀಲ ತಟ್ಟಿ ಅವನನ್ನು ಕೂರಿಸಿಕೊಂಡಳು.

“ಆಚೆ ಹಟ್ಟೀಲಿ ಸೆಲ್ವಕುಮಾರ, ಜೋಗಿ ಅಂತ ಅಣ್ಣತಮ್ಮ ಇದ್ರು ಕನಪ್ಪ. ಬೇಸಿಗೇಲಿ ಡ್ಯಾಮ್ ಇಳಿದಾಗ ಇಬ್ರೂ ಅಲ್ಲೇ ಗೋಡು ಕಡಿಯೋರು. ಹೊತ್ತು ತಂದದ್ದು ಹಳ್ಳ, ಅದಕ್ಕೊಂದು ಪಾಲು ಬ್ಯಾಡ್ವಾ... ಅಂತ ಅಣ್ಣ ಸೆಲ್ವ ಮೊದಲ್ನೇ ಮಂಕರೀನ ನೀರಿಗೆ ಸುರಿಯಾಕೋದ. ‘ಒಳ್ಳೇ ಮಣ್ಣೆಲ್ಲ ನೀರಿಗಾಕು, ನಾವು ಕಲ್ಲು ತಿನ್ನಾನ’ ಅಂತ ಜೋಗಿ ಕಿತ್ಕೊಂಡ. ಅಣ್ಣ ಬುಡ್ನಿಲ್ಲ. ಜೋಗಿ ಗುದ್ದಲಿ ಎತ್ತಿ ಅಣ್ಣನ ಕತ್ತಿಗಾಕ್ದ ನೋಡು... ಒಂದೇಟಿಗೆ ಸಾಯ್ನಿಲ್ಲ ಅವನು, ಕೆಸರಲ್ಲಿ ತೆವಳ್ಕೊಂಡು, ತಮ್ಮಾ ತಮ್ಮಾ ಅಂತ ಕಾಲು ಹಿಡ್ಕೊಂಡ. ಆ ಕೈ ಮೇಲೂ ಹಾಕ್ದ, ಬೆರಳೆಲ್ಲ ಉದುರೋಗಂಟ.

“ಆಮೇಲೆ? ಚೀಲಕ್ಕೆ ತುಂಬಿ ಹಳ್ಳದ ಬಾಯಿಗೆ ತಳ್ದ. ಅಣ್ಣ ಕೇರಳಕ್ಕೆ ಕೂಲಿಗೋದ ಅಂತ ಊರಿಗೇಳ್ದ. ಹಳ್ಳ ಹೊತ್ಕೊಂಡೋಗಿ ಡ್ಯಾಮಿನ ಹೊಟ್ಟೆಗಾಕ್ತದೆ ಅಂತ ಅವನ ಲೆಕ್ಕ. ಅಲ್ಲೇ ತಪ್ದ... ಆ ಜಾಗದಲ್ಲಿ ನೀರು ಒಂದೇ ಕಡೀಕೆ ಹರೀತದಾ? ಡ್ಯಾಮ್ ಇಳಿದ್ರೆ ಹಳ್ಳ ಕೆಳೀಕೋಯ್ತದೆ, ಡ್ಯಾಮ್ ತುಂಬಿದ್ರೆ ಅದೇ ನೀರು ಹಳ್ಳಾನ ಹಿಂದಕ್ಕೆ ದಬ್ಕೊಂಡು ಬರ್ತದೆ, ಎರಡೂ ಕುಸ್ತಿಗೆ ಬಿದ್ದು, ಹೊತ್ತಿದ್ದನ್ನೆಲ್ಲ ಅಲ್ಲೇ ಇಳಿಸ್ಬುಡ್ತವೆ. ಅದಕ್ಕೇ ಅಲ್ವಾ ಗೋಡು ಅಲ್ಲೇ ಕೂರೋದು?

“ಮುಂದಿನ ಬೇಸಿಗೇಲಿ ಆ ಗೋಡನ್ನೇ ಕಡಿದು ಹೊಲಕ್ಕಾಕ್ದ. ಕ್ಯಾರೆಟ್ ಕಿತ್ರೆ... ಒಂದೊಂದೂ ಕವಲೊಡೆದು, ಬಿಚ್ಚಿದ ಅಂಗೈಯಂಗೆ. ಇದೇ ಡ್ರಮ್ಮಿಗೆ ತಂದಾಕ್ದ. ನೀರು ಕೆಂಪಗೆ ಬಂತು, ನಾನೇ ಕಂಡೆ. ಕೊಂದ ಕತೇನೆಲ್ಲ ತಾನೇ ಕೂಗಿ ಹೇಳ್ಕೊಂಡು ಓಡ್ದ, ಹೊಲದ ಮಣ್ಣು ಹೊತ್ತು ಹೊತ್ತು ಹಳ್ಳದ ಬಾಯಿಗೆ ಸುರಿದ. ಸುರಿದಷ್ಟೂ ನೀರು ವಾಪಸ್ ತಂದು ಅವನ ಕಾಲ ಸುತ್ತಾನೇ ಪೇರಿಸ್ತು. ನಾವೋಗಿ ನೋಡೋ ಹೊತ್ಗೆ ಎದೆಗಂಟ ಹೂತೋಗಿದ್ದ, ಬಾಯಿಗೆ ಗೋಡು ತುರುಕಿತ್ತು, ಕತ್ತು ಕಡಿದಿತ್ತು... ಅವನ ಗುದ್ದಲಿ ಮಾತ್ರ ಅಲ್ಲಿರ್ನಿಲ್ಲ.”

ಅಜ್ಜಿ ಮೊಮ್ಮಗನ ಕೆಸರು ಮೆತ್ತಿದ ಕಾಲು ನೋಡಿದಳು.

“ಇವತ್ಗೂ ಪಾಲು ಕೊಡ್ದೋರ ಗುದ್ದಲೀನ ಸೆಲ್ವ ಇಸ್ಕೊತಾನೆ, ಮಗ. ಡ್ಯಾಮ್ ತುಂಬ್ತಾ ಅದೆ... ನೀರು ಈ ಕಡೀಕೇ ಬರ್ತಾ ಅದೆ. ನಿನ್ ಗುದ್ದಲಿ ಈಗ ಯಾರ ಕೈಲದೆ ಅಂತೀಯ?”

ಜಗದೀಶ ಸೋನೆಯಲ್ಲೇ ಎದ್ದು ಹೋಗಿ, ಪಿಕಪ್ಪಿನಿಂದ ಒಂದು ಮಂಕರಿ ಗೋಡು ತುಂಬಿಕೊಂಡು ಇಳಿಜಾರಿನಲ್ಲಿ ಇಳಿದ. ಅವನು ಬಗ್ಗಿದ್ದೂ, ಸದ್ದಾಗದಂತೆ ನೀರಿಗೆ ಸುರಿದದ್ದೂ ಕಿಟಕಿಯಾಚೆ ಮಂಜಿನ ಸಂದಿಯಲ್ಲಿ ನಮಗೆ ಕಂಡಿತು. ಅಜ್ಜಿ ಕೈಮುಗಿದಳು.

ನಾವು ಬಾಗಿಲ ಕಡೆ ತಿರುಗಿದಾಗ ಅವನ ಗುದ್ದಲಿ ಚೌಕಟ್ಟಿಗೆ ಒರಗಿ ನಿಂತಿತ್ತು. ಅಲಗು ತೊಳೆದಂತಿತ್ತು. ಕಾವಿನ ಮೇಲೆ ಯಾರೋ ಹಿಡಿದಿದ್ದ ಅಂಗೈಯ ಗುರುತು, ಹಸಿ ಗೋಡಿನಲ್ಲಿ... ಬೆರಳುಗಳ ಗುರುತಿರಲಿಲ್ಲ.