ಸದ್ದು ತಿನ್ನೋ ಡಬ್ಬ

ಇಲ್ಲ ಕಣೋ ಚನ್ನೇಶ, ಆ ಮೋಹನ್‌ಕುಮಾರನ ಹೆಸ್ರು ಈ ಮನೇಲಿ ಎತ್ಬೇಡ. ಭಾನುವಾರ ಕುಣಿಗಲ್ ರಿಸೆಪ್ಷನ್‌ಗೆ ಗಿಟಾರ್ ನಂದೇ. ಇಪ್ಪತ್ತೆರಡು ವರ್ಷದಿಂದ ನಂದೇ, ಈ ಭಾನುವಾರಾನೂ ನಂದೇ. ನೀನು ಆರ್ಕೆಸ್ಟ್ರಾ ಓನರ್ ಇರ್ಬೋದು, ಬ್ಯಾನರ್ ಮೇಲೆ ನಿನ್ನ ಫೋಟೋನೇ ದೊಡ್ಡದಾಗಿ ಇರ್ಬೋದು... ಇರ್ಲಿ ಬುಡು, ಕೂತ್ಕೊ. ಅಲ್ಲಲ್ಲ, ಆ ಕಿಟಕಿ ಹತ್ರ ಬೇಡ. ಬೆನ್ನಿಗೆ ಬೆಳಕು ಬಿದ್ರೆ ನಿನ್ನ ಮುಖಾನೇ ಕಾಣಲ್ಲ. ಇಲ್ಲಿ, ನನ್ನ ಎದುರಿಗೆ ಬಾ. ಮಾತಾಡೋವಾಗ ಮುಖ ನೋಡಿ ಮಾತಾಡ್ಬೇಕು, ಅದು ಮರ್ಯಾದೆ.

ಹ್ಞಾಂ, ಈಗ ಹೇಳು... ಗೊತ್ತು ಕಣೋ. ಗುಬ್ಬಿ ಪ್ರೋಗ್ರಾಂ. ಒಂದು ವಾರದಿಂದ ಅದನ್ನೇ ಅರೀತಾ ಇದ್ದೀಯ. ಸಂಧ್ಯಾ ಹಾಡ್ತಾ ಹಾಡ್ತಾ ಶ್ರುತಿ ಬಿಟ್ಲು. ಸ್ಟೇಜ್ ಇಳಿದು ಹೋಗಿ ಅತ್ಲು. ಭಾನುಪ್ರಕಾಶಣ್ಣನ ಗಿಟಾರ್ ಮುಂದೆ ನಂಗೆ ನನ್ನ ದನೀನೇ ಕೇಳಲ್ಲ ಅಂದ್ಲು. ಹೆಣ್ಣಿನ ಅಪ್ಪ ಎಲೆ ಮುಂದಿಂದ ಎದ್ದು ಬಂದು, ಎಂಜಲು ಕೈಯಲ್ಲೇ ಕೈ ಮುಗಿದ್ರು, ಸ್ವಾಮಿ, ಸ್ವಲ್ಪ ಕಮ್ಮಿ ಮಾಡ್ಕೊಳಿ ಅಂತ. ನಂಗೇನು ಕಣ್ಣಿಲ್ವಾ? ಎಲ್ಲಾ ನೋಡಿದೀನಿ. ಅದಕ್ಕೇ ತಾನೇ ಸೌಂಡ್ ಇಳಿಸ್ತೀನಿ ಅಂತ ನಿಂಗೆ ಮಾತು ಕೊಟ್ಟಿದ್ದು? ಕೊಟ್ಟ ಮಾತಿಗೆ ಮೂರು ಡಬ್ಬ ತಂದು ಇಟ್ಟಿದೀನಿ. ನೋಡು, ಸಾಲಾಗಿ ಜೋಡಿಸಿಟ್ಟಿದೀನಿ.

ಅಟೆನ್ಯುಯೇಟರ್ ಅಂತ ಹೆಸ್ರು. ನಿನ್ನ ನಾಲಿಗೆ ಹೊರಳದಿದ್ರೆ ಡಬ್ಬ ಅನ್ನು ಸಾಕು. ಯಾಕ್ ನಗ್ತೀಯ? ನಿನ್ನ ಕೀಬೋರ್ಡಿಗೆ ಒಂದು ವೈರ್ ಚುಚ್ಚಿದ್ರೆ ಮುಗೀತು, ನಿಂಗೆ ಇದೆಲ್ಲ ತಮಾಷೆ. ನಂದು ವಾಲ್ವ್ ಆಂಪು, ಹಳೇ ರೇಡಿಯೋ ಒಳಗೆ ಕೆಂಪಗೆ ಉರೀತಿತ್ತಲ್ಲ ಗಾಜಿನ ಬುರುಡೆ, ಅದ್ರದ್ದು. ಗುಬ್ಬೀಲಿ ನಮ್ಮಪ್ಪನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದಾಗ ಮೂಲೇಲಿ ಬಿದ್ದಿತ್ತಲ್ಲ, ಟೂರಿಂಗ್ ಟಾಕೀಸಿನ ಹಳೇ ಆಂಪ್ಲಿಫೈಯರ್ರು... ಅದನ್ನ ಬಿಚ್ಚಿ, ತಿಂಗಳುಗಟ್ಲೆ ಕೂತು, ಗಿಟಾರಿಗೆ ಹೊಂದಿಸ್ದೋನು ನಾನು. ವಾಲ್ವ್ ಅನ್ನೋದು ಮೈಮುರಿದು ದುಡಿದ್ರೇನೇ ಕಣೋ ಆ ದನಿ ಬರೋದು. ಅರ್ಧಕ್ಕೆ ಇಟ್ರೆ ಸಪ್ಪೆ. ಪೂರ್ತಿ ಇಟ್ರೆ ಛತ್ರದ ಗಾಜೆಲ್ಲ ಅದುರುತ್ತೆ. ಅದಕ್ಕೇ ಆಂಪಿಗೂ ಸ್ಪೀಕರಿಗೂ ಮಧ್ಯ ಈ ಡಬ್ಬ. ಆಂಪು ಬೇಕಾದಷ್ಟು ಕಿರುಚ್ಲಿ. ಡಬ್ಬ ಮುಕ್ಕಾಲು ಪಾಲು ತಾನೇ ತಿಂದು, ಶಾಖ ಮಾಡಿ ಬಿಟ್ಟು, ಮಿಕ್ಕಿದ್ದನ್ನ ಸ್ಪೀಕರಿಗೆ ಕಳಿಸುತ್ತೆ. ದನಿ ಅದೇ, ಸದ್ದು ಕಮ್ಮಿ. ಹಂಗಂತ ಎಲ್ಲಾ ಕಡೆ ಬರೆದವ್ರೆ. ಬರೆಯೋರಿಗೇನು.

ಇದು ಮೊದಲನೇದು. ನಾನೇ ಮಾಡಿದ್ದು. ಹೌದು ಕಣೋ, ಬಿಸ್ಕತ್ ಡಬ್ಬಾನೇ. ಮುಚ್ಚಳ ತೆಗೆದು ನೋಡು. ಆ ಬಿಳಿ ಇಟ್ಟಿಗೆ ಚೂರಿನ ಥರ ಅವೆಯಲ್ಲ, ಅವೇ ಸದ್ದು ತಿನ್ನೋ ರೆಸಿಸ್ಟರ್‌ಗಳು. ಹತ್ತು ನಿಮಿಷ ನುಡಿಸಿದ್ರೆ ಮುಚ್ಚಳದ ಮೇಲೆ ದೋಸೆ ಹುಯ್ಬೋದು. ಇರು, ಸ್ವಲ್ಪ ಹೊತ್ತು, ವಾಲ್ವ್ ಕೆಂಪಗಾಗ್ಲಿ. ಈಗ ಕೇಳು...

ನೋಡಿದ್ಯಾ? ಸತ್ತೋಗಿದೆ. ಜೀವಾನೇ ಇಲ್ಲ... ಏನು? ಚೆನ್ನಾಗಿದ್ಯಾ? ಏನ್ ಚೆನ್ನಾಗಿದ್ಯೋ ಅದ್ರಲ್ಲಿ? ಸ್ಪೀಕರ್ ಉಸಿರಾಡೋ ವಸ್ತು. ಹಿಂದೆ ಮುಂದೆ ಹೋಗುತ್ತೆ, ಆಂಪನ್ನ ಎಳೆಯುತ್ತೆ, ತಳ್ಳುತ್ತೆ. ಈ ರೆಸಿಸ್ಟರ್ ಸುಮ್ನೆ ಕೂತಿರುತ್ತೆ. ಅದಕ್ಕೇ ಸಣ್ಣ ತಂತಿಗಳ ಮಿಂಚೆಲ್ಲ ಹೋಯ್ತು. ನಿಂಗೆ ಕೇಳ್ತಿದ್ಯಾ ಮಿಂಚು? ನಂಗಂತೂ ಕೇಳ್ತಿಲ್ಲ. ಇದು ಬೇಡ. ತೆಗಿ.

ಎರಡನೇದು ತಗೊ. ಎತ್ತಿ ನೋಡು... ಹೆಂಗೆ? ಒರಳುಕಲ್ಲು. ಬೆಂಗಳೂರಲ್ಲಿ ಸ್ಟುಡಿಯೋ ಇಟ್ಟವ್ರಲ್ಲ ರೇಣುಕಾಪ್ರಸಾದು, ಅವ್ರ ಕೈಕಾಲು ಹಿಡಿದು ಎರಡು ದಿನಕ್ಕೆ ಅಂತ ಇಸ್ಕೊಂಡ್ ಬಂದೆ. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ, ಕಾಲು ಜೋಮು ಹಿಡೀತು. ಇದ್ರೊಳಗೆ ಬರೀ ರೆಸಿಸ್ಟರ್ ಅಲ್ಲ, ತಾಮ್ರದ ಕಾಯಿಲ್ ಅವೆ. ಎದುರಿಗೆ ನಿಜವಾದ ಸ್ಪೀಕರ್ರೇ ಇದೆ ಅಂತ ಆಂಪಿಗೆ ನಂಬಿಸ್ಬಿಡುತ್ತೆ. ನಾಲ್ಕು ಹಂತ. ಒಂದಕ್ಕೆ ಇಡ್ತೀನಿ... ಹ್ಞೂಂ, ಪರ್ವಾಗಿಲ್ಲ. ಎರಡು... ಮಂಕಾಯ್ತು. ಮೂರು... ಇದೇನೋ ಇದು, ವೈರ್ ಬಿಟ್ಟೋಯ್ತಾ? ನೋಡು ಹಿಂದುಗಡೆ. ಇಲ್ವಾ? ಬರ್ತಿದ್ಯಾ? ಬರ್ತಿದೆ, ಬರ್ತಿದೆ, ನಂಗೂ ಗೊತ್ತು ಬರ್ತಿದೆ ಅಂತ. ಬರೋದು ಮುಖ್ಯ ಅಲ್ಲ ಕಣೋ, ಹೆಂಗ್ ಬರ್ತಿದೆ ಅನ್ನೋದು ಮುಖ್ಯ.

ಯಾಕ್ ನನ್ನ ಕಾಲು ನೋಡ್ತಾ ಇದ್ದೀಯ? ಹೊಸದಾ ಇದು? ಚಪ್ಲಿ ಬಿಟ್ಟು ಹಿಮ್ಮಡಿ ಸ್ಪೀಕರ್ ಪೆಟ್ಟಿಗೆ ಮೇಲೆ ಇಟ್ಕೊಳ್ಳೋದು ನನ್ನ ಸ್ಟೈಲು. ಯಡಿಯೂರಲ್ಲಿ ಕಾಲೇಜು ಹುಡುಗ್ರು ಬಂದು ಫೋಟೋ ತಕ್ಕೊಂಡ್ರಲ್ಲ, ನೀನೇ ಗ್ರೂಪಿಗೆ ಹಾಕಿದ್ದೆ. ಆಗ ಸ್ಟೈಲು, ಈಗ ಏನಾಯ್ತು?

ಮೂರನೇದು ಕೊರಿಯರ್‌ನಲ್ಲಿ ಬಂತು, ಅಂಗೈ ಅಗಲ. ನೋಡಿದ್ರೆ ಕಾಲಿಂಗ್ ಬೆಲ್ ಅನ್ಕೋಬೇಕು. ಇದ್ಕೆ ಹಂತ ಗಿಂತ ಇಲ್ಲ, ಒಂದೇ ತಿರುಗಣೆ, ನೀರಿನ ನಲ್ಲಿ ಥರ ಎಷ್ಟು ಬೇಕೋ ಅಷ್ಟು. ಎಂಟು ಓಮ್ಸ್, ನಮ್ಮ ಸ್ಪೀಕರೂ ಎಂಟು. ಹೊಂದದೇ ಇರೋದನ್ನ ಹಾಕಿದ್ರೆ ಆಂಪಿನ ಟ್ರಾನ್ಸ್‌ಫಾರ್ಮರೇ ಸುಟ್ಟೋಗುತ್ತೆ, ಅದಕ್ಕೇ ಮೂರು ಸಲ ನೋಡಿ ತರಿಸ್ದೆ. ಕೇಳು... ಇನ್ನೂ ಇಳಿಸ್ತೀನಿ, ಕೇಳು... ಥೂ. ಏನೂ ಇಲ್ಲ. ಹತ್ತಿ ಒಳಗೆ ಗಿಟಾರ್ ಇಟ್ಟಂಗಿದೆ.

ಏನು, ಅಡಿಗೆಮನೆ ಕಡೆ ಕೈ ತೋರಿಸ್ತಿದ್ದೀಯ? ಓ, ಕುಕ್ಕರ್. ಕೂಗ್ತಿದೆ, ಕೂಗ್ಲಿ. ಪಲ್ಲವಿ ಮಗಳು ಇಂಪನಾನ ಟ್ಯೂಷನ್ನಿಂದ ಕರ್ಕೊಂಡು ಬರಕ್ಕೆ ಹೋದ್ಲು. ಮೂರು ಕೂಗಿಗೆ ಆಫ್ ಮಾಡು ಅಂದವ್ಳೆ. ಇನ್ನೂ ಒಂದೋ ಎರಡೋ... ಏನು? ಏಳಾ? ಸರಿ, ಹೋಗಿ ಆಫ್ ಮಾಡು. ನನ್ನ ಗಮನ ಇಲ್ಲಿತ್ತು ಕಣೋ, ಡಬ್ಬದ ಮೇಲೆ. ಬೇಳೆ ತಳ ಹಿಡಿದ್ರೆ ಹಿಡೀಲಿ.

ಬಂದ್ಯಾ? ಕೂತ್ಕೊ. ಈಗ ನಿನ್ನ ತೀರ್ಮಾನ ಹೇಳು... ಮೂರೂ ಒಂದೇ ಥರ ಕೇಳ್ತವಾ? ನಿಂಗೆ ಕಿವಿ ಇಲ್ಲ ಬುಡು. ಎರಡನೇದು, ಆ ಒರಳುಕಲ್ಲು, ಮೂರನೇ ಹಂತದಲ್ಲಿ ಇಟ್ರೆ ಸಂಧ್ಯಂಗೂ ಸರಿ ಹೋಗುತ್ತೆ ಅಂತೀಯ. ಇಲ್ಲ. ಆಗಲ್ಲ. ಮೂರನೇ ಹಂತ ಆಗೋದೇ ಇಲ್ಲ. ಬೇಕಾದ್ರೆ ಪೆಟ್ಟಿಗೆ ಗೋಡೆ ಕಡೆ ತಿರುಗಿಸ್ತೀನಿ. ಮುಂದೆ ಪ್ಲೈವುಡ್ ಅಡ್ಡ ಇಡ್ತೀನಿ. ಸ್ಟೇಜಿನ ತುದೀಲಿ, ಪರದೆ ಹಿಂದೆ ನಿಲ್ತೀನಿ, ಜನಕ್ಕೆ ನಾನು ಕಾಣದಿದ್ರೂ ಸರಿ. ಡಬ್ಬ ಮಾತ್ರ ಬೇಡ ಚನ್ನೇಶ. ಕೇಳಿದ್ಯಲ್ಲ, ಮೂರೂ ಕೆಟ್ಟವೇ. ಇನ್ನೊಂದು ತರಿಸ್ತೀನಿ, ಇನ್ನೂ ಒಳ್ಳೇದು, ಒಂದು ತಿಂಗಳು ಟೈಮ್ ಕೊಡು.

ಯಾಕ್ ತಲೆ ಅಲ್ಲಾಡಿಸ್ತೀಯ? ... ಏನು? ಇನ್ನೊಂದ್ ಸಲ ಹೇಳು, ನಿಧಾನಕ್ಕೆ. ... ಮೋಹನ್‌ಕುಮಾರಂಗೆ ಹೇಳ್ಬಿಟ್ಟಿದ್ಯಾ? ಯಾವಾಗ? ಮೊನ್ನೇನೇ? ಹೇಳ್ಬಿಟ್ಟು, ಇಲ್ಲಿ ಬಂದು ಕೂತು, ನನ್ನ ಡಬ್ಬ ಕೇಳ್ತಿದ್ದೀಯ? ... ಕಾಯ್ತಾ ಇರು ಅಂತ ಮಾತ್ರ ಹೇಳಿದ್ದೀಯ. ಸರಿ. ಕಾಯ್ತಾ ಇರೋನಿಗೆ ಏನ್ ಕಷ್ಟ. ಅವ್ನ ಹತ್ರ ಆಂಪೂ ಇಲ್ಲ, ಸ್ಪೀಕರೂ ಇಲ್ಲ. ಕಾಲಲ್ಲಿ ಒಂದು ಪೆಡಲ್ ಒತ್ತಿ ನೇರ ಮಿಕ್ಸರಿಗೆ ಚುಚ್ತಾನೆ, ಕಿವಿಗೆ ಹುಣಸೆ ಬೀಜದಷ್ಟು ಇಯರ್‌ಫೋನ್ ಸಿಕ್ಕಿಸ್ಕೊತಾನೆ, ಮುಗೀತು. ಅವನದ್ದು ಸದ್ದೇ ಇಲ್ಲ. ನಿಮಗೆಲ್ಲ ಅದೇ ತಾನೇ ಬೇಕಿರೋದು?

ಕೋಪ ಅಲ್ಲ ಕಣೋ. ಕೋಪ ಅಲ್ಲ. ಭಯ ನಂಗೆ. ವಯಸ್ಸು ನಲವತ್ತಾರಾಯ್ತು. ಬೇರೆ ಏನ್ ಬರುತ್ತೆ ನಂಗೆ? ಕ್ಯಾತ್ಸಂದ್ರದ ರೂಮಲ್ಲಿ ನೀನು ಟ್ರಂಕು ಬಡೀತಿದ್ದೆ, ನಾನು ಮೂರು ತಂತಿ ಗಿಟಾರಲ್ಲಿ ರಾಗ ಹುಡುಕ್ತಿದ್ದೆ. ಆವತ್ತಿಂದ ನಾನು ಗಿಟಾರ್ ಭಾನು. ಮರಳೂರಲ್ಲಿ ತರಕಾರಿ ಗಾಡಿಯವ್ನೂ ಹಂಗೇ ಕರೀತಾನೆ. ಒಂದು ಸಲ ನೀನು ಅವನ್ನ ಸ್ಟೇಜ್ ಹತ್ತಿಸಿದ್ರೆ ನಾನು ಮತ್ತೆ ಹತ್ತಲ್ಲ, ನಿಂಗೂ ಗೊತ್ತು, ನಂಗೂ ಗೊತ್ತು. ಕೈ ಮುಗೀತೀನಿ. ಭಾನುವಾರ ಒಂದು ನಂಗೆ ಬಿಡು.

ಏನಂದೆ? ಯಡಿಯೂರಲ್ಲಾ? ಅಲ್ಲಿ ಏನಾಯ್ತು? ನೀನು ಒನ್ ಟೂ ತ್ರೀ ಅಂದೆ, ನಾನು ಶುರು ಮಾಡ್ಲಿಲ್ಲ. ಸ್ಟೇಜ್ ಮೇಲೆ ನಮಗೆ ಕೇಳ್ಸಕ್ಕೆ ಇಡೋ ಮಾನಿಟರ್ ಸ್ಪೀಕರ್ ಕೆಟ್ಟಿತ್ತು ಕಣೋ. ಆಮೇಲೆ ಡ್ರಮ್ಮರ್ ಕೋಲು ಎತ್ತಿದ್ದು ನೋಡಿ ಶುರು ಮಾಡ್ದೆ ತಾನೇ? ಜನಕ್ಕೆ ಗೊತ್ತಾಯ್ತಾ? ... ಯಾರಿಗೆ ತೋರಿಸ್ಬೇಕು? ಕಿವಿ ಡಾಕ್ಟ್ರಿಗಾ? ನಾನಾ? ನನ್ನ ಕಿವೀನಾ?

ಲೋ, ಈ ತುಮಕೂರಲ್ಲಿ ಯಾವ ಆರ್ಕೆಸ್ಟ್ರಾದವ್ನಾದ್ರೂ ಗಿಟಾರ್ ಕೊಂಡ್ರೆ ಮೊದ್ಲು ಯಾರ ಹತ್ರ ತರ್ತಾನೆ? ಯಾರ ಕಿವಿಗೆ ಕೊಟ್ಟು ಕೇಳಿಸ್ತಾನೆ? ನನ್ನ ಕಿವಿ ಮೇಲೆ ನಿಂಗೆ ಅನುಮಾನ. ಆಯ್ತು. ಈಗ್ಲೇ ನೋಡ್ಬಿಡು. ಆಂಪು ಆನ್ ಆಗೇ ಇದೆ. ನಾನು ಹೋಗಿ ಆ ಗೋಡೆಗೆ ಮುಖ ಮಾಡಿ ನಿಲ್ತೀನಿ. ಗಿಟಾರ್ ನೀನೇ ತಗೊ. ತಂತಿಯೆಲ್ಲ ಒಟ್ಟಿಗೆ ಮೀಟಿ ನಿಂಗೆ ಬರೋ ಒಂದೇ ಒಂದು ಕಾರ್ಡ್ ಹೊಡಿ, ಸಾಕು. ಒಂದೊಂದು ಸಲ ಒಂದೊಂದು ಡಬ್ಬ. ಬದಲಾಯಿಸೋವಾಗ ಈ ಸ್ಟ್ಯಾಂಡ್‌ಬೈ ಸ್ವಿಚ್ ಕೆಳಗೆ ಮಾಡು, ಮರೀಬೇಡ. ಯಾವ್ದು ಯಾವ ಡಬ್ಬ ಅಂತ ನಾನು ಹೇಳ್ತೀನಿ. ಮೂರೂ ಸರಿ ಹೇಳಿದ್ರೆ ಭಾನುವಾರ ನಂದು. ಒಂದು ತಪ್ಪಿದ್ರೂ ಮೋಹನ್‌ಕುಮಾರಂಗೆ ನಾನೇ ಫೋನ್ ಮಾಡಿ, ಬಾರಪ್ಪ ಅಂತೀನಿ. ಒಪ್ಪಿದ್ಯಾ? ... ಒಪ್ಪಿದ್ಯಾ ಅಂದೆ. ಹ್ಞಾಂ.

ತಿರುಗಿದೀನಿ. ಹೊಡಿ.

...

ಹ್ಞೂಂ. ಇದು... ಇದು ಬಿಸ್ಕತ್ ಡಬ್ಬ. ನಿಜ ತಾನೇ? ಮೇಲಿನ ತಂತೀಲಿ ಮಿಂಚಿಲ್ಲ, ತಕ್ಷಣ ಗೊತ್ತಾಯ್ತು. ಈಗ್ಲೇ ಹೇಳ್ಬೇಡ, ಕೊನೇಲಿ ಒಟ್ಟಿಗೆ ಹೇಳು. ಮುಂದಿಂದು ಹಾಕು. ನಿಧಾನಕ್ಕೆ, ಅವಸರ ಇಲ್ಲ.

...

ಇದು ಒರಳುಕಲ್ಲು. ನೋಡು, ಎಷ್ಟು ತುಂಬಿ ಬರ್ತಿದೆ. ಕಾಯಿಲ್ ಇರೋದ್ರ ಗುಣ ಅದು. ಈಗೇನೋ ಸ್ವಲ್ಪ ಚೆನ್ನಾಗೇ ಇದೆ ಅನ್ಸುತ್ತೆ, ನಿನ್ನ ಮಾತು ಪೂರ್ತಿ ಸುಳ್ಳಲ್ಲ. ಮೂರನೇದು ಹಾಕು.

...

ಹೊಡೆದ್ಯಾ?

...

ಹ್ಞಾಂ, ಹೊಡೆದೆ ನೀನು, ಹೊಡೆದೆ. ಇದು ಚಿಕ್ಕದು, ತಿರುಗಣೆದು. ಮೂರೂ ಆಯ್ತು. ಸರಿ ತಾನೇ? ಚನ್ನೇಶ? ತಿರುಗ್ಲಾ?

ಯಾಕೋ... ಯಾಕೋ ಅಲ್ಲೇ ಕೂತಿದ್ದೀಯ? ಗಿಟಾರ್ ಸ್ಟ್ಯಾಂಡ್ ಮೇಲೇ ಇದೆ. ನಾನಿಟ್ಟ ಹಂಗೇ ಇದೆ. ಡಬ್ಬ... ಡಬ್ಬಾನೂ ಮುಟ್ಟಿಲ್ಲ. ನೀನು ಎದ್ದೇ ಇಲ್ಲ. ಒಂದು ಸಲಾನೂ ಹೊಡೀಲಿಲ್ವಾ?

ಹಂಗಾದ್ರೆ ನಾನು ಏನ್ ಕೇಳ್ದೆ?

ಬೈಯೋ. ಏನಾದ್ರೂ ಅನ್ನೋ. ಮೋಸಗಾರ ಅನ್ನು.

ಎರಡು ವರ್ಷ ಆಯ್ತು. ಮೊದ್ಲು ಎಡಗಡೆ ಹೋಯ್ತು. ಆಮೇಲೆ ಬಲಗಡೇನೂ. ಹಗಲು ರಾತ್ರಿ ಒಳಗೆ ಜೀರುಂಡೆ ಥರ ಒಂದೇ ಸಮ ಕೂಗುತ್ತೆ, ಅದ್ರ ಮೇಲೆ ಎದ್ದು ಬರೋ ಅಂಥ ಸದ್ದು ಮಾತ್ರ ನಂಗೆ ಸದ್ದು. ಡಾಕ್ಟ್ರ ಹತ್ರ ಹೋಗಿದ್ದೆ. ಹೋಗಿರೋದು ವಾಪಸ್ ಬರಲ್ಲ, ಆಂಪಿನ ಮುಂದೆ ನಿಂತ್ರೆ ಇರೋದೂ ಹೋಗುತ್ತೆ ಅಂದ್ರು. ಕಿವಿಗೆ ಮಿಷನ್ ಹಾಕ್ಕೊ ಅಂದ್ರು. ಮಿಷನ್ ಹಾಕ್ಕೊಂಡಿರೋ ಗಿಟಾರಿಸ್ಟನ್ನ ಯಾರು ಕರೀತಾರೋ? ನೀನು ಕರೀತಿದ್ಯಾ? ಕಟ್ಕೊಂಡ ಹೆಂಡ್ತಿ ಪಲ್ಲವಿಗೂ ಹೇಳಿಲ್ಲ, ಎಲ್ರ ಮಾತೂ ತುಟಿ ನೋಡಿ ಹಿಡ್ಕೊತೀನಿ. ನಾನು ಕೇಳಿಸ್ಕೊಳ್ಳೋದು ಹಿಮ್ಮಡೀಲಿ ಕಣೋ. ಪೆಟ್ಟಿಗೆ ಅದುರೋದು ಕಾಲಿಂದ ಮೂಳೆಗೆ ಹತ್ತುತ್ತೆ, ಅದ್ರ ಮೇಲೆ ಬೆರಳು ತಾನೇ ಓಡುತ್ತೆ. ಅದಕ್ಕೇ ಸೌಂಡ್ ಇಳಿಸಕ್ಕಾಗಲ್ಲ. ಡಬ್ಬ ಹಾಕಿದ್ರೆ ಪೆಟ್ಟಿಗೆ ಅದುರಲ್ಲ, ಪೆಟ್ಟಿಗೆ ಅದುರದಿದ್ರೆ ನಂಗೆ ಏನೂ ಇಲ್ಲ. ಸುಮ್ನೆ ಬೆರಳು ಆಡಿಸ್ತಾ ನಿಂತಿರ್ತೀನಿ. ಪಾಪ ಸಂಧ್ಯಾ, ಆ ಹುಡುಗಿ ಅತ್ತಿದ್ದು ನೋಡಿ ನಾನೂ ಹಿಂದೆ ಹೋಗಿ ಅತ್ತಿದೀನಿ. ಗೊತ್ತಿದ್ದೂ ಇಳಿಸ್ಲಿಲ್ಲ.

ಡಬ್ಬ ಮೂರೂ ಚೆನ್ನಾಗೇ ಇರ್ಬೇಕು ಕಣೋ. ನೀನು ಹೇಳಿದ್ದೇ ಸರಿ ಇರ್ಬೇಕು.

ಮಾತು ಮಾತೇ. ಮೂರೂ ತಪ್ಪಿದೀನಿ. ಮೋಹನ್‌ಕುಮಾರಂಗೆ ಫೋನ್ ಮಾಡ್ತೀನಿ ಅಂದಿದ್ದೆ... ನೀನೇ ಮಾಡ್ಬಿಡು ಚನ್ನೇಶ. ನಾನು ಮಾಡಿದ್ರೆ, ಅವ್ನು ಬರ್ತೀನಿ ಅಂದ್ನೋ ಇಲ್ಲ ಅಂದ್ನೋ ನಂಗೆ ಗೊತ್ತಾಗಲ್ಲ.